ದೊಡ್ಡ ಪ್ರಾಣಿಗೆ ದೊಡ್ಡ ಸೀಮೆ ಅಂತಾರೆ, ಹಾಗಾದರೆ ದರೋಜಿ ಕರಡಿಗೆ ಯಾಕಿಲ್ಲ?

ಸಂಡೂರಿನವ

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ವಿಜ್ಞಾನ ಸಂಘದಲ್ಲಿ ಒಂಬತ್ತನೇ ತರಗತಿ ಮಕ್ಕಳಿಗೆ ಕಾಡುಪ್ರಾಣಿಗಳ ಬಗ್ಗೆ ಮಾತಾಡಬೇಕಿದೆ. ಅದಕ್ಕೆ ಓದುತ್ತಿದ್ದಾಗ ಒಂದು ಮಾತು ಪದೇ ಪದೇ ಸಿಕ್ಕಿತು. ಸಸ್ತನಿಗಳಲ್ಲಿ ದೇಹ ದೊಡ್ಡದಾದಷ್ಟೂ ಆ ಜಾತಿ ಹರಡಿಕೊಂಡಿರುವ ಸೀಮೆಯೂ ದೊಡ್ಡದು ಅಂತ.

ಕೇಳೋಕೆ ಸರಿ ಅನ್ನಿಸುತ್ತದೆ. ಆದರೆ ಇಲ್ಲಿನ ಮಕ್ಕಳು ಮೊದಲು ಕೇಳುವುದೇ ನಮ್ಮ ದರೋಜಿ ಕರಡಿಧಾಮದ ಕರಡಿ, ಅಂದರೆ ಸ್ಲಾತ್ ಬೇರ್. ಬಲಿತ ಗಂಡು ನೂರು ಕಿಲೋ ದಾಟುತ್ತದೆ. ಆದರೂ ಆ ಜಾತಿ ಇರುವುದು ಭಾರತ, ನೇಪಾಳ, ಶ್ರೀಲಂಕಾದಲ್ಲಿ ಮಾತ್ರ. ಕೆಂಪು ನರಿ ನೋಡಿ. ಬಹಳಷ್ಟು ನರಿಗಳು ಹತ್ತು ಕಿಲೋ ಕೂಡ ತೂಗುವುದಿಲ್ಲ. ಅದು ಯುರೋಪು, ಏಷ್ಯಾ, ಉತ್ತರ ಆಫ್ರಿಕಾ, ಉತ್ತರ ಅಮೆರಿಕ ಎಲ್ಲಾ ಕಡೆ ಇದೆ. ಸುಮಾರು 7 ಕೋಟಿ ಚದರ ಕಿ.ಮೀ. ಅಂತೆ!

ಹಾಗಾದರೆ ಈ ನಿಯಮ ನಿಜಾನಾ, ಸುಮ್ನೆ ಹೇಳಿಕೊಂಡು ಬಂದದ್ದಾ? ಗೊತ್ತಿದ್ದವರು ತಿಳಿಸಿ.

ಗಂಗಾವತಿ ಕ್ಯಾಮೆರಾ

ಬೆಕ್ಕಿನ ಕುಟುಂಬದಲ್ಲಿ ನಿಯಮ ಚೆನ್ನಾಗೇ ಕೂರುತ್ತದೆ. ಆನೆಗೊಂದಿ ಗುಡ್ಡದಲ್ಲಿರುವ ಚಿರತೆಯ ಜಾತಿಯೇ ಆಫ್ರಿಕಾದಲ್ಲಿದೆ, ರಷ್ಯಾದ ಪೂರ್ವ ತುದಿಯಲ್ಲೂ ಇದೆ. ರಸ್ಟಿ ಸ್ಪಾಟೆಡ್ ಕ್ಯಾಟ್ ಅಂತ ಒಂದು ಪುಟ್ಟ ಕಾಡುಬೆಕ್ಕು ಇದೆಯಲ್ಲ, ಒಂದೂವರೆ ಕಿಲೋ ಇದ್ದರೆ ಹೆಚ್ಚು. ಅದರ ಸೀಮೆ ಭಾರತ, ನೇಪಾಳ, ಶ್ರೀಲಂಕಾ. ಅಮೆರಿಕದ ಪ್ಯೂಮಾ ಕೆನಡಾದಿಂದ ಹಿಡಿದು ದಕ್ಷಿಣ ಆಂಡಿಸ್‌ವರೆಗೆ. ಹಂದಿಯಲ್ಲೂ ಹಾಗೇ. ನಮ್ಮ ಕಾಡುಹಂದಿ ಯುರೋಪಿನಿಂದ ಪೂರ್ವ ಏಷ್ಯಾದವರೆಗೆ ಇದೆ. ಒಂಬತ್ತು ಕಿಲೋದ ಕುಳ್ಳ ಹಂದಿ ಅಸ್ಸಾಂನಲ್ಲಿ ಮಾತ್ರ.

ನಿಮ್ಮ ಕರಡಿ, ನರಿ ಬಿಡಿ, ಅವು ಅಪವಾದ ಇರಬಹುದು.

ಕೊಪ್ಪಳದ ಮಾಸ್ತರ

ಕ್ಯಾಮೆರಾದವರೇ, ಅಪವಾದ ಅಂತ ತಳ್ಳಿಹಾಕಿದರೆ ಕೊನೆಗೆ ಅಪವಾದಗಳೇ ಜಾಸ್ತಿ ಆಗುತ್ತವೆ. ಸಂಡೂರಿನವರು ಓದಿದ ಮಾತಿನಲ್ಲಿ ಅರ್ಧ ವಿಷಯ ಮಾತ್ರ ಇದೆ.

ಒಂದು ಹಾಳೆ ತಗೊಳ್ಳಿ. ಅಡ್ಡ ಗೆರೆಗೆ ದೇಹದ ತೂಕ, ನಿಂತ ಗೆರೆಗೆ ಸೀಮೆಯ ವಿಸ್ತಾರ. ಜಾತಿಗೊಂದು ಚುಕ್ಕೆ ಇಡುತ್ತಾ ಹೋಗಿ. ಚುಕ್ಕೆಗಳು ಎಡದಿಂದ ಬಲಕ್ಕೆ ಏರುವ ಒಂದು ಗೆರೆಯಾಗಿ ಬರುವುದಿಲ್ಲ. ಎಡಗಡೆ, ಅಂದರೆ ಸಣ್ಣ ಪ್ರಾಣಿಗಳ ಕಡೆ, ಕೆಳಗಿನಿಂದ ಮೇಲಿನವರೆಗೂ ಚುಕ್ಕೆಗಳೇ. ಬಲಕ್ಕೆ ಸರಿದಂತೆ ಕೆಳಗಿನ ಮೂಲೆ ಬರಿದಾಗುತ್ತದೆ. ಒಟ್ಟಾರೆ ಒಂದು ತ್ರಿಕೋನ. ಜೇಮ್ಸ್ ಬ್ರೌನ್ ಮತ್ತು ಬ್ರಯಾನ್ ಮೌರರ್ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು 1980ರ ದಶಕದಲ್ಲಿ ತಮ್ಮ ಖಂಡದ ಪ್ರಾಣಿ ಪಕ್ಷಿಗಳನ್ನು ಹೀಗೆ ಹಾಕಿ ನೋಡಿದರು. 1989ರಲ್ಲಿ ಪ್ರಕಟಿಸಿದರು. ಹೀಗೆ ಇಡೀ ಖಂಡದ ಮಟ್ಟದಲ್ಲಿ ಜಾತಿಗಳನ್ನು ಲೆಕ್ಕ ಹಾಕಿ ನೋಡುವುದಕ್ಕೆ ಅವರು ಇಟ್ಟ ಹೆಸರು ಮ್ಯಾಕ್ರೋಇಕಾಲಜಿ.

ಆ ಬರಿದಾದ ಮೂಲೆಯೇ ಮುಖ್ಯ. ದೇಹ ದೊಡ್ಡದಾದರೆ ಸೀಮೆ ಇಷ್ಟಕ್ಕಿಂತ ಕಡಿಮೆ ಇರಬಾರದು ಅಂತ ಒಂದು ಕನಿಷ್ಠ ಮಿತಿ ಬೀಳುತ್ತದೆ. ಗರಿಷ್ಠ ಎಷ್ಟು ಅನ್ನುವುದನ್ನು ದೇಹ ಹೇಳುವುದಿಲ್ಲ. ಅದನ್ನು ಹೇಳುವುದು ಖಂಡದ ಅಳತೆ, ಸಮುದ್ರ, ಹಿಮಾಲಯದಂಥ ಅಡ್ಡಗೋಡೆ, ಪ್ರಾಣಿಯ ಊಟ.

ಸಣ್ಣವುಗಳನ್ನೇ ನೋಡಿ. ನಮ್ಮ ಹೊಲದ ಬದುವಿನಲ್ಲಿ ಬಿಲ ತೋಡುವ ಚಿಟ್ಟಿಲಿ ಸುಮಾರು ಹತ್ತು ಗ್ರಾಂ. ಅದರ ಸೀಮೆ ಪಾಕಿಸ್ತಾನದಿಂದ ಮ್ಯಾನ್ಮಾರ್‌ವರೆಗೆ, ಶ್ರೀಲಂಕಾನೂ ಸೇರಿ. ಅಂದರೆ ಕರಡಿಯ ಸೀಮೆಗಿಂತ ಚಿಕ್ಕದೇನಲ್ಲ! ಅದೇ ಚಿಟ್ಟಿಲಿಯ ದಾಯಾದಿಯೊಂದು ನೀಲಗಿರಿ ಕಡೆಯ ಎತ್ತರದ ಕಾಡು ಬಿಟ್ಟು ಆಚೆ ಬರುವುದಿಲ್ಲ. ತೂಕದ ಲೆಕ್ಕದಲ್ಲಿ ಜಗತ್ತಿನ ಅತಿ ಹಗುರ ಸಸ್ತನಿ ಎಟ್ರಸ್ಕನ್ ಸುಂಡಿಲಿ. ಎರಡು ಗ್ರಾಂ ಆಸುಪಾಸು. ಅದು ದಕ್ಷಿಣ ಯುರೋಪಿನಿಂದ ಆಗ್ನೇಯ ಏಷ್ಯಾದವರೆಗೆ ಹರಡಿದೆ, ಭಾರತದಲ್ಲೂ ಇದೆ. ಈಗ ಕೋಲಾರಕ್ಕೆ ಬನ್ನಿ. ಅಲ್ಲಿನ ಹನುಮನಹಳ್ಳಿಯ ಗುಹೆಯಲ್ಲಿರುವ ಎಲೆಮೂಗಿನ ಬಾವಲಿ ಬೇರೆಲ್ಲೂ ಉಳಿದಿರುವುದು ಗೊತ್ತಿಲ್ಲ. ಇನ್ನೂರಕ್ಕೂ ಕಡಿಮೆ ಇವೆ. ರೆಕ್ಕೆ ಇದ್ದೂ ಒಂದೇ ಗುಹೆ.

ಹಾಳೆಯ ಎಡಗಡೆ ಹೀಗೆ ದೊಡ್ಡ ಸೀಮೆ, ಚಿಕ್ಕ ಸೀಮೆ ಯಾವುದಾದರೂ ನಡೆಯುತ್ತದೆ.

ಸಂಡೂರಿನವ

ಮಾಸ್ತರೇ, ತ್ರಿಕೋನ ಅಂದ ಮೇಲೆ ಚಿತ್ರ ಕಣ್ಣಿಗೆ ಬಂತು. ಹಾಗಾದರೆ ನಮ್ಮ ಕರಡಿ ನಿಯಮ ಮುರಿದಿಲ್ಲ, ತ್ರಿಕೋನದ ಒಳಗೇ ಇದೆ ಅಂತಾಯಿತು. ಆದರೂ ಕರಡಿಗಳಲ್ಲೇ ಇಷ್ಟು ವ್ಯತ್ಯಾಸ ಯಾಕೆ? ಇನ್ನೊಂದು, ಆ ಕನಿಷ್ಠ ಮಿತಿ ಎಲ್ಲಿಂದ ಬಂತು? ಮಕ್ಕಳು "ಯಾಕೆ ಸಾರ್" ಅಂತ ಬಿಡದೆ ಕೇಳುತ್ತಾರೆ.

ಕೊಪ್ಪಳದ ಮಾಸ್ತರ

ಮಿತಿಯ ಲೆಕ್ಕ ರಾಯಚೂರಿನ ಅಕ್ಕ ಹೇಳಲಿ, ಅದು ಅವರ ಕೈಗೆ ಸೇರಿದ್ದು. ಕರಡಿಯ ಮಾತು ನಾನು ಹೇಳುತ್ತೇನೆ.

ಕಂದು ಕರಡಿ ಯುರೋಪು, ಏಷ್ಯಾ, ಉತ್ತರ ಅಮೆರಿಕ ಮೂರೂ ಕಡೆ ಇದೆ. ಪಾಂಡಾ ನಮ್ಮ ಕರಡಿಯಷ್ಟೇ ತೂಕದ್ದು, ಕೆಲವೊಮ್ಮೆ ಜಾಸ್ತಿನೇ. ಆದರೆ ಅದು ಉಳಿದಿರುವುದು ಚೀನಾದ ಸಿಚುವಾನ್, ಶಾನ್ಶಿ, ಗಾನ್ಸು ಪ್ರಾಂತಗಳ ಬೆಟ್ಟಗಳಲ್ಲಿ. ಊಟ ನೋಡಿ, ಉತ್ತರ ಸಿಗುತ್ತದೆ. ಕಂದು ಕರಡಿ ಬೇರು, ಹಣ್ಣು, ಮೀನು, ಸತ್ತ ಪ್ರಾಣಿ ಏನು ಸಿಕ್ಕರೂ ತಿನ್ನುತ್ತದೆ. ಚಳಿಗಾಲ ಬಂದರೆ ಕೊಬ್ಬು ಕರಗಿಸಿಕೊಂಡು ಮಲಗುತ್ತದೆ. ಪಾಂಡಾಗೆ ಬಿದಿರೇ ಬೇಕು. ನಮ್ಮದು ಗೆದ್ದಲು, ಇರುವೆ, ಜೇನು, ಕಾಡುಹಣ್ಣು ನೆಚ್ಚಿಕೊಂಡಿದೆ. ಮುಂದಿನ ಮೇಲುಹಲ್ಲು ಎರಡು ಇಲ್ಲ. ಆ ಸಂದಿನಿಂದಲೇ ಗೆದ್ದಲನ್ನು ಸುರ್ ಅಂತ ಎಳೆದುಕೊಳ್ಳುತ್ತದೆ. ಹಿಮ ಬೀಳುವ ನಾಡಿನಲ್ಲಿ ವರ್ಷವಿಡೀ ಗೆದ್ದಲು ಎಲ್ಲಿಂದ ಬರಬೇಕು?

ದರೋಜಿಯಲ್ಲಿ ಸಂಜೆಯ ಹೊತ್ತು ಬಂಡೆಗೆ ಬೆಲ್ಲದ ಪಾಕ ಬಳಿದಿರುತ್ತಾರೆ, ಗೋಪುರದ ಮೇಲಿಂದ ಜನ ನೋಡುತ್ತಾರೆ. ಅದನ್ನು ಕಂಡವರಿಗೆ ಕರಡಿಗೆ ಊಟದ ಚಿಂತೆ ಇಲ್ಲ ಅನ್ನಿಸಬಹುದು. ಬೆಲ್ಲ ಬರೀ ತಿಂಡಿ. ಹೊಟ್ಟೆ ತುಂಬುವುದು ಕುರುಚಲು ಕಾಡಿನ ಹುತ್ತ ಮತ್ತು ಹಣ್ಣಿನಿಂದ.

ರಾಯಚೂರು ಲೆಕ್ಕ

ಮಾಸ್ತರು ಹೊರೆ ನನ್ನ ಮೇಲೆ ಹಾಕಿದರು. ಇರಲಿ.

1932ರಲ್ಲಿ ಮ್ಯಾಕ್ಸ್ ಕ್ಲೈಬರ್ ಎಂಬ ವಿಜ್ಞಾನಿ ಒಂದು ಲೆಕ್ಕ ತೋರಿಸಿದ. ಪ್ರಾಣಿಯ ತೂಕ ಹೆಚ್ಚಿದಂತೆ ಅದು ಸುಡುವ ಶಕ್ತಿಯೂ ಹೆಚ್ಚುತ್ತದೆ. ಆದರೆ ತೂಕದಷ್ಟು ಜೋರಾಗಿ ಹೆಚ್ಚುವುದಿಲ್ಲ. ತೂಕದ ಮುಕ್ಕಾಲು ಘಾತದಷ್ಟು, ಅಂದರೆ ತೂಕ ಹತ್ತು ಪಟ್ಟಾದರೆ ಶಕ್ತಿ ಐದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ. 1981ರಲ್ಲಿ ಜಾನ್ ಡಾಮತ್ ಎಂಬ ಇನ್ನೊಬ್ಬ ವಿಜ್ಞಾನಿ ಸಸ್ತನಿಗಳ ದಟ್ಟಣೆ ಲೆಕ್ಕ ಹಾಕಿದಾಗ ಅದೇ ಮುಕ್ಕಾಲು ತಿರುಗುಮುರುಗಾಗಿ ಬಂತು. ತೂಕ ಹತ್ತು ಪಟ್ಟು ಆದರೆ ಅದೇ ಜಾಗದಲ್ಲಿ ಇರುವ ಪ್ರಾಣಿಗಳ ಸಂಖ್ಯೆ ಐದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿಯೇ ಇಳಿಯುತ್ತದೆ.

ಮಾಸ್ತರ ಚಿಟ್ಟಿಲಿಯನ್ನೇ ತಗೊಳ್ಳೋಣ. 10 ಗ್ರಾಂ. ಕರಡಿ 100 ಕಿಲೋ. ತೂಕದಲ್ಲಿ ಹತ್ತು ಸಾವಿರ ಪಟ್ಟು. ಹತ್ತು ಸಾವಿರದ ಮುಕ್ಕಾಲು ಘಾತ ಅಂದರೆ ಸಾವಿರ. ಅಂದರೆ ಸಾವಿರ ಇಲಿ ಇರುವ ಜಾಗಕ್ಕೆ ಒಂದು ಕರಡಿ.

ಈಗ ಕೈಲೆಕ್ಕ. ಹೆಕ್ಟೇರಿಗೆ ಹತ್ತು ಚಿಟ್ಟಿಲಿ ಅಂತ ಹಿಡಿಯಿರಿ. ಒಂದು ಜಾತಿ ಬರ, ರೋಗ, ಬೆಂಕಿ ತಡೆದುಕೊಂಡು ಬಹುಕಾಲ ಉಳಿಯಲು ಐದು ಸಾವಿರ ಪ್ರಾಣಿ ಬೇಕು ಅಂತಲೂ ಹಿಡಿಯಿರಿ. ಚಿಟ್ಟಿಲಿಗೆ 500 ಹೆಕ್ಟೇರ್ ಸಾಕು, ಐದು ಚದರ ಕಿ.ಮೀ. ಕರಡಿಗೆ? ಐದು ಸಾವಿರ ಚದರ ಕಿ.ಮೀ. ಒಂದು ಜಿಲ್ಲೆಯಷ್ಟು ಜಾಗ. ದರೋಜಿ ಕರಡಿಧಾಮ ಪೂರ್ತಿ ಸೇರಿ 82.72 ಚದರ ಕಿ.ಮೀ. ಹಿಡಿದ ಅಂಕಿಗಳನ್ನು ನೀವು ಬದಲಾಯಿಸಿಕೊಳ್ಳಿ, ಉತ್ತರ ಬದಲಾಗುತ್ತದೆ. ಆದರೆ ಇಲಿಗೂ ಕರಡಿಗೂ ನಡುವಿನ ಆ ಸಾವಿರ ಪಟ್ಟಿನ ಅಂತರ ಹಾಗೇ ನಿಲ್ಲುತ್ತದೆ.

ಕೆಳಮೂಲೆ ಬರಿದಾಗಿರುವುದು ಇದಕ್ಕೇ. ದೊಡ್ಡ ದೇಹ, ಚಿಕ್ಕ ಸೀಮೆ ಎರಡೂ ಕೂಡಿದ ಜಾತಿಗಳು ಹುಟ್ಟಿಲ್ಲ ಅಂತಲ್ಲ. ಹುಟ್ಟಿದರೂ ಅವುಗಳ ಒಟ್ಟು ಸಂಖ್ಯೆ ಕಡಿಮೆ. ಒಂದು ಕೆಟ್ಟ ಕಾಲ ಬಂದರೆ ಅಳಿಸಿಹೋಗುತ್ತವೆ. ಆ ಮೂಲೆಯಲ್ಲಿ ಇವತ್ತು ಚುಕ್ಕೆ ಕಂಡರೆ ಅದು ಅಪಾಯದಲ್ಲಿರುವ ಜಾತಿ ಅಂತಲೇ ಓದಿಕೊಳ್ಳಬಹುದು. ನೀಲಗಿರಿ ವರೆಯಾಡು ಎಂಬ ಬೆಟ್ಟದ ಕಾಡುಮೇಕೆ ನೋಡಿ. ಗಂಡು ನೂರು ಕಿಲೋ ಹತ್ತಿರ ಬರುತ್ತದೆ, ಇರುವುದು ಕೇರಳ ಮತ್ತು ತಮಿಳುನಾಡಿನ ಘಟ್ಟಗಳ ನೆತ್ತಿಯ ಹುಲ್ಲುಗಾವಲಲ್ಲಿ ಮಾತ್ರ. ಅಳಿವಿನಂಚಿನ ಪಟ್ಟಿಯಲ್ಲಿದೆ.

ದ್ವೀಪಗಳಲ್ಲಿ ಇನ್ನೊಂದು ತಮಾಷೆ. ಸಿಸಿಲಿ ದ್ವೀಪದಲ್ಲಿ ಹಿಂದೆ ಇದ್ದ ಆನೆ ಬಲಿತರೂ ಸುಮಾರು ಒಂದು ಮೀಟರ್ ಎತ್ತರ. ಸೀಮೆ ಹಿಗ್ಗಿಸಿಕೊಳ್ಳಲು ಜಾಗವಿಲ್ಲದ ಕಡೆ ದೇಹವೇ ಕುಗ್ಗಿತು.

ಎರೆಹೊಲ ಯಲಬುರ್ಗಾ

ಓದಿದೆ. ಎಲ್ಲಾ ಸರಿ. ಕಾಡುಪ್ರಾಣಿ ಅಂದರೆ ಎಲ್ಲರೂ ಕರಡಿ, ಚಿರತೆ ಅಂತೀರಿ. ಚಿಗರಿ, ಅದೇ ಕೃಷ್ಣಮೃಗ, ಅದರ ಹೆಸರು ಯಾರೂ ಎತ್ತಲಿಲ್ಲ. ಯಲಬುರ್ಗಾ, ಕುಕನೂರು ಕಡೆ ಬನ್ನಿ. ಹೆಸರು, ಕಡಲೆ ಮೊಳಕೆ ಒಡೆದರೆ ಸಾಕು, ಹಿಂಡು ಹಿಂಡು ಬಂದು ಕುಳಿತಿರುತ್ತವೆ. ರಾತ್ರಿ ಕಾವಲು ಕಾದು ಸಾಕಾಗಿದೆ. ಪರಿಹಾರಕ್ಕೆ ಅರ್ಜಿ ಕೊಟ್ಟರೆ ಬರುವ ದುಡ್ಡು ಬೀಜದ ಖರ್ಚಿಗೂ ಸಾಲದು.

ನನ್ನ ಪ್ರಶ್ನೆ ಇಷ್ಟೇ. ಚಿಗರಿ ಬಲಿತ ಗಂಡು ಮೂವತ್ತೈದು ನಲವತ್ತು ಕಿಲೋ ಬರುತ್ತದೆ. ಇದರ ಸೀಮೆ ಎಷ್ಟು? ಬೇರೆ ದೇಶದಲ್ಲಿ ಇದ್ದರೆ ಒಂದಿಷ್ಟು ಅಲ್ಲಿಗೇ ಕಳಿಸಿಬಿಡಿ, ಪುಣ್ಯ ಬರುತ್ತದೆ.

ಕೊಪ್ಪಳದ ಮಾಸ್ತರ

ಕಾಕಾ, ಕಳಿಸಿ ಆಗಿದೆ! ತಮಾಷೆಯಲ್ಲ. ಬೇಟೆಯ ಶೋಕಿಗೆ ಅಂತ ಚಿಗರಿಗಳನ್ನು ಹಿಂದೆಯೇ ಅಮೆರಿಕದ ಟೆಕ್ಸಾಸ್‌ಗೂ ಅರ್ಜೆಂಟೀನಾಕ್ಕೂ ಒಯ್ದಿದ್ದಾರೆ. ಎರಡೂ ಕಡೆ ಹಾಯಾಗಿ ಮರಿ ಹಾಕಿಕೊಂಡು ಇವೆ.

ತಾನಾಗಿ ಹರಡಿದ ಸೀಮೆ ಮಾತ್ರ ಭಾರತ ಉಪಖಂಡವೇ. ಈಗಂತೂ ಭಾರತ, ಜೊತೆಗೆ ನೇಪಾಳದಲ್ಲಿ ಒಂದಿಷ್ಟು. ಅದೇ ತೂಕದ ಕತ್ತೆಕಿರುಬ ಆಫ್ರಿಕಾದ ಉತ್ತರ, ಪೂರ್ವ ಭಾಗದಿಂದ ಅರಬ್ ನಾಡು, ಇರಾನ್ ದಾಟಿ ನಮ್ಮ ಬಂಡೆಗುಡ್ಡದವರೆಗೆ ಇದೆ. ಕತ್ತೆಕಿರುಬಕ್ಕೆ ಸತ್ತದ್ದು, ಎಲುಬು, ಹಣ್ಣು ಏನಾದರೂ ಆಗುತ್ತದೆ. ಮರುಭೂಮಿಯ ಅಂಚಿನಲ್ಲೂ ಬದುಕುತ್ತದೆ. ಚಿಗರಿಗೆ ಬಯಲು ಬೇಕು, ಹಸಿ ಹುಲ್ಲು ಬೇಕು, ಹತ್ತಿರದಲ್ಲಿ ನೀರು ಬೇಕು.

ಟೆಕ್ಸಾಸಿನ ಚಿಗರಿ ಒಂದು ವಿಷಯ ಸ್ಪಷ್ಟ ಮಾಡುತ್ತದೆ. ಆ ಹವೆ, ಆ ಹುಲ್ಲು ಅದಕ್ಕೆ ಒಗ್ಗುತ್ತಿತ್ತು, ಹೋಗುವ ದಾರಿ ಇರಲಿಲ್ಲ ಅಷ್ಟೇ. ಆದ್ದರಿಂದ ಸೀಮೆಯ ಲೆಕ್ಕ ಹಾಕುವವರು ಮನುಷ್ಯ ಒಯ್ದು ಬಿಟ್ಟ ಜಾಗಗಳನ್ನು ಕೈಬಿಡುತ್ತಾರೆ. ಇಲ್ಲದಿದ್ದರೆ ಹಡಗು ಹತ್ತಿದ ಮನೆ ಇಲಿ ಎಲ್ಲರನ್ನೂ ಸೋಲಿಸಿಬಿಡುತ್ತದೆ.

ಇನ್ನೊಂದು ಜೋಡಿ ಹೇಳಿ ನಿಲ್ಲಿಸುತ್ತೇನೆ. ಚಿಂಕಾರ ಮತ್ತು ಕೊಂಡುಕುರಿ. ಎರಡೂ ಚಿಗರಿಯ ಬಳಗದವು, ಇಪ್ಪತ್ತು ಕಿಲೋ ಆಸುಪಾಸು. ಚಿಂಕಾರ ಬಾಗಲಕೋಟೆಯ ಯಡಹಳ್ಳಿಯಿಂದ ರಾಜಸ್ಥಾನ, ಪಾಕಿಸ್ತಾನ ದಾಟಿ ಇರಾನ್‌ವರೆಗೆ. ಕೊಂಡುಕುರಿ ಭಾರತ ಮತ್ತು ನೇಪಾಳ. ಒಣನೆಲ ನಮ್ಮಿಂದ ಪಶ್ಚಿಮಕ್ಕೆ ಸಾಗುತ್ತಲೇ ಹೋಗುತ್ತದೆ, ಚಿಂಕಾರ ಅದರ ಜೊತೆ ಹೋಯಿತು. ಕೊಂಡುಕುರಿಗೆ ಮರದ ಮರೆ ಬೇಕು. ಒಂದೇ ತೂಕ, ಬೇರೆ ಹಣೆಬರಹ.

ಕಂಪ್ಲಿ ಹೊಳೆದಂಡೆ

ನನಗೆ ಈ ನಕ್ಷೆಗಳ ಮೇಲೇ ಅನುಮಾನ. ನಮ್ಮ ಹೊಳೆಯ ನೀರುನಾಯಿ ನೋಡಿ. ಮುದ್ಲಾಪುರದಿಂದ ಕಂಪ್ಲಿವರೆಗೆ ತುಂಗಭದ್ರೆಯ 34 ಕಿ.ಮೀ. ಉದ್ದವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಮಾಡಿದ್ದಾರೆ. ಏಳೆಂಟು ಕಿಲೋದಿಂದ ಹನ್ನೊಂದು ಕಿಲೋ ಪ್ರಾಣಿ. ಪುಸ್ತಕದ ನಕ್ಷೆಯಲ್ಲಿ ಭಾರತದ ಬಹುಭಾಗಕ್ಕೆ ಬಣ್ಣ ಬಳಿದಿರುತ್ತಾರೆ. ಆಮೇಲೆ ಆಗ್ನೇಯ ಏಷ್ಯಾ, ಜಾವಾವರೆಗೆ. ದೂರದ ಇರಾಕಿನ ಜೌಗಿನಲ್ಲಿ ಒಂದು ತುಂಡು ಬೇರೆ.

ಬಣ್ಣ ಬಳಿದಲ್ಲೆಲ್ಲಾ ನೀರುನಾಯಿ ಇದೆಯಾ? ಹೊಳೆಯಿಂದ ಆಚೆ ಮೆಣಸಿನಕಾಯಿ ಹೊಲದಲ್ಲಿ ಇರುತ್ತದಾ? ಅದು ಬದುಕುವುದು ದಾರದಂಥ ಗೆರೆಯಲ್ಲಿ. ನಕ್ಷೆಯಲ್ಲಿ ಅದು ಕಂಬಳಿಯಷ್ಟು ಅಗಲ. ಆ ಅಗಲವನ್ನೇ ತೂಕದ ಎದುರು ಇಟ್ಟು ನಿಯಮ ಮಾಡಿದರೆ ಏನು ಬಂತು?

ರಾಯಚೂರು ಲೆಕ್ಕ

ಈ ಚರ್ಚೆಯಲ್ಲಿ ಬಂದ ಒಳ್ಳೆಯ ತಕರಾರು ಇದು. ಸೀಮೆಯನ್ನು ಎರಡು ಥರ ಅಳೆಯುತ್ತಾರೆ. ಪ್ರಾಣಿ ಕಂಡ ಹೊರಗಿನ ಜಾಗಗಳನ್ನು ಸೇರಿಸಿ ಸುತ್ತ ಒಂದು ಗೆರೆ ಎಳೆದು ಒಳಗಿನದ್ದನ್ನೆಲ್ಲಾ ಎಣಿಸುವುದು ಒಂದು. ನೆಲವನ್ನು ಚೌಕ ಚೌಕ ಮಾಡಿ ಪ್ರಾಣಿ ಸಿಕ್ಕ ಚೌಕಗಳನ್ನು ಮಾತ್ರ ಎಣಿಸುವುದು ಇನ್ನೊಂದು. ನೀರುನಾಯಿಯಂಥ ಪ್ರಾಣಿಗೆ ಇವೆರಡರ ನಡುವೆ ಭಾರಿ ಅಂತರ ಬರುತ್ತದೆ. ಖಂಡದ ಮಟ್ಟದ ಲೆಕ್ಕಗಳೆಲ್ಲಾ ಬಹುಪಾಲು ಮೊದಲನೆಯ ಥರದವು, ಯಾಕೆಂದರೆ ಸಿಗುವುದು ಅವೇ. ಸುಂಡಿಲಿ, ಇಲಿಗಳಿಗಂತೂ ಚೌಕದ ಲೆಕ್ಕಕ್ಕೆ ಬೇಕಾದಷ್ಟು ಮಾಹಿತಿ ಅಪರೂಪ. ರಾತ್ರಿ ಓಡಾಡುವ ಎರಡು ಗ್ರಾಂ ಪ್ರಾಣಿಯನ್ನು ಹುಡುಕಿ ಬರೆದಿಡುವವರು ಎಷ್ಟು ಜನ? ಹಾಗಾಗಿ ಎಡಗಡೆಯ ಎಷ್ಟೋ ಚುಕ್ಕೆಗಳು ಇರಬೇಕಾದ್ದಕ್ಕಿಂತ ಕೆಳಗೇ ಕೂತಿರಬಹುದು.

ಜಾತಿ ಒಡೆಯುವುದೂ ಇದೆ. ಆಫ್ರಿಕಾದ ಆನೆಯನ್ನು ಬಹುಕಾಲ ಒಂದೇ ಎಂದು ಎಣಿಸುತ್ತಿದ್ದರು. 2021ರಲ್ಲಿ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಕೆಂಪುಪಟ್ಟಿಯಲ್ಲಿ ಬಯಲಿನ ಆನೆ, ಕಾಡಿನ ಆನೆ ಎರಡು ಜಾತಿ ಆದವು. ಆನೆಗಳು ಇದ್ದಲ್ಲೇ ಇದ್ದವು, ಹಾಳೆಯ ಮೇಲೆ ಒಂದು ದೊಡ್ಡ ಸೀಮೆ ಎರಡು ಚಿಕ್ಕ ಸೀಮೆ ಆಯಿತು.

ಹೊಳೆದಂಡೆಯವರೇ, ಇಷ್ಟೆಲ್ಲಾ ಇದ್ದರೂ ತ್ರಿಕೋನ ಅಳಿಸಿಹೋಗುವುದಿಲ್ಲ. ಒಂದು ಬಾವಲಿ ಒಂದೇ ಗುಹೆಯಲ್ಲಿ ಬಾಳಬಹುದು. ಆನೆಯ ಜಾತಿಯೊಂದು ಒಂದೇ ಗುಡ್ಡದಲ್ಲಿ ಬಾಳಲಾರದು. ಅಳತೆ ಎಷ್ಟೇ ಒರಟಾಗಿದ್ದರೂ ಇದು ಕಾಣುತ್ತದೆ.

ಗಂಗಾವತಿ ಕ್ಯಾಮೆರಾ

ತೋಳದ ಮಾತು ಬರಲಿಲ್ಲ, ನಾನೇ ಹೇಳುತ್ತೇನೆ. ನಮ್ಮ ತಾಲ್ಲೂಕಿನ ಬಂಕಾಪುರದಲ್ಲಿ ತೋಳಧಾಮ ಆಗಿದೆ, ರಾಜ್ಯದಲ್ಲೇ ಮೊದಲನೆಯದು. ಸುಮಾರು 332 ಹೆಕ್ಟೇರ್. ಕುರುಚಲು, ಬಂಡೆ, ಗವಿ ಎಲ್ಲಾ ಇರುವ ಚೆಂದದ ಜಾಗ. 332 ಹೆಕ್ಟೇರ್ ಅಂದರೆ ಮೂರು ಚದರ ಕಿ.ಮೀ. ಮೇಲೆ ಸ್ವಲ್ಪ. ಆದರೆ ಬಯಲುಸೀಮೆಯ ತೋಳಗಳ ಒಂದು ಗುಂಪು ಓಡಾಡುವ ಜಾಗ ನೂರು ಚದರ ಕಿ.ಮೀ. ದಾಟುತ್ತದೆ.

ಹಾಗಾದರೆ ಇಪ್ಪತ್ತು ಕಿಲೋ ತೋಳಕ್ಕೆ ನೂರು ಕಿಲೋ ಕರಡಿಗಿಂತ ಜಾಸ್ತಿ ಜಾಗ ಬೇಕು ಅಂತಾಯಿತಲ್ಲ? ಅಕ್ಕನ ಮುಕ್ಕಾಲು ಘಾತ ಇಲ್ಲಿ ಉಲ್ಟಾ ಹೊಡೆಯುತ್ತದೆ.

ರಾಯಚೂರು ಲೆಕ್ಕ

ಉಲ್ಟಾ ಹೊಡೆಯುವುದಿಲ್ಲ ತಮ್ಮಾ. ಊಟದ ಮೆಟ್ಟಿಲು ಬೇರೆ. ಹುಲ್ಲಿನ ಶಕ್ತಿಯಲ್ಲಿ ಸ್ವಲ್ಪ ಮಾತ್ರ ಚಿಗರಿ, ಕುರಿಯ ಮೈಗೆ ಸೇರುತ್ತದೆ. ಆ ಮೈಯಲ್ಲಿ ಸ್ವಲ್ಪ ಮಾತ್ರ ತೋಳಕ್ಕೆ. ಆದ್ದರಿಂದ ಅದೇ ತೂಕದ ಹುಲ್ಲುತಿನ್ನಿಗಿಂತ ಬೇಟೆಪ್ರಾಣಿಗೆ ಎಷ್ಟೋ ಪಟ್ಟು ಜಾಸ್ತಿ ನೆಲ ಬೇಕು. ಕರಡಿ ಹೆಸರಿಗೆ ಮಾಂಸಾಹಾರಿ ಗುಂಪಿನದು, ತಿನ್ನುವುದು ಗೆದ್ದಲು ಮತ್ತು ಹಣ್ಣು. ಅದು ಹತ್ತಿರದಲ್ಲೇ ಸಿಗುತ್ತದೆ. ನೇಪಾಳದ ಚಿತ್ವನ್‌ ಕಾಡಿನಲ್ಲಿ ಕುತ್ತಿಗೆಗೆ ರೇಡಿಯೋ ಕಾಲರ್ ಕಟ್ಟಿ ನೋಡಿದಾಗ ಹೆಣ್ಣು ಕರಡಿ ಸುಮಾರು 9, ಗಂಡು ಸುಮಾರು 14 ಚದರ ಕಿ.ಮೀ. ಸುತ್ತುತ್ತಿದ್ದವು. ಶ್ರೀಲಂಕಾದ ವಸ್ಗಮುವದಲ್ಲಿ ಇನ್ನೂ ಕಡಿಮೆ, ಎರಡರಿಂದ ನಾಲ್ಕು.

ಒಂದು ಪ್ರಾಣಿ ಸುತ್ತುವ ಜಾಗ ಬೇರೆ, ಇಡೀ ಜಾತಿಯ ಸೀಮೆ ಬೇರೆ. ಮಕ್ಕಳಿಗೆ ಹೇಳುವಾಗ ಇವೆರಡು ಬೆರೆಯದಂತೆ ನೋಡಿಕೊಳ್ಳಿ. ಮೊದಲನೆಯದಕ್ಕೂ ದೇಹದ ತೂಕಕ್ಕೂ ನಂಟು ಗಟ್ಟಿ. ಎರಡನೆಯದರ ಜೊತೆ ನಂಟು ಸಡಿಲ.

ಎರೆಹೊಲ ಯಲಬುರ್ಗಾ

ಅಂದರೆ ತೋಳಧಾಮ ಮೂರು ಚದರ ಕಿಲೋಮೀಟರ್, ಮಿಕ್ಕ ತೊಂಬತ್ತೇಳು ನಮ್ಮದು. ಲೆಕ್ಕ ಚೆನ್ನಾಗಿದೆ. ಕುರಿ ಮೇಯಿಸುವವರ ಹಟ್ಟಿ ಇರುವುದೂ ಆ ತೊಂಬತ್ತೇಳರಲ್ಲೇ. ಅವರು ತೋಳವನ್ನು ಹಿಂದಿನ ಕಾಲದಿಂದಲೂ ನೋಡುತ್ತಾ ಬಂದವರು. ಒಂದೆರಡು ಕುರಿ ಹೋದರೆ ಬೈದು ಸುಮ್ಮನಾಗುವವರೂ ಇದ್ದಾರೆ. ಆದರೆ ಆ ಸುಮ್ಮನಾಗುವುದಕ್ಕೆ ಬೆಲೆ ಕಟ್ಟುವವರು ಯಾರು? ಧಾಮದ ಬೋರ್ಡಿಗಿಂತ ಅವರ ಕುರಿಗೆ ಬೇಗ ಪರಿಹಾರ ಸಿಗುವಂತಾದರೆ ತೋಳಕ್ಕೆ ಜಾಸ್ತಿ ಅನುಕೂಲ. ಇದು ನನ್ನ ಅಭಿಪ್ರಾಯ.

ಹಾಂ, ಚಿಗರಿ ಜಾಸ್ತಿ ಆಗಿರುವುದಕ್ಕೆ ತೋಳ ಕಡಿಮೆ ಆಗಿದ್ದೂ ಒಂದು ಕಾರಣ ಇರಬಹುದಾ ಮಾಸ್ತರೇ?

ಕೊಪ್ಪಳದ ಮಾಸ್ತರ

ತೋಳ ಚಿಗರಿಯ ಹಳೆಯ ಬೇಟೆಗಾರ, ಅದರಲ್ಲಿ ಅನುಮಾನವಿಲ್ಲ ಕಾಕಾ. ಆದರೆ ಬಯಲು ಉತ್ತು ಹೊಲವಾದಾಗ ಚಿಗರಿಗೆ ಹುಲ್ಲಿನ ಬದಲು ಕಡಲೆ ಸಿಕ್ಕಿತು. ಅದೂ ದೊಡ್ಡ ಕಾರಣವೇ. ಪರಿಹಾರದ ಮಾತಿಗೆ ನನ್ನದೂ ಒಪ್ಪಿಗೆ.

ನೀವು ತೋಳ ಕಡಿಮೆಯಾದ ಮಾತು ಎತ್ತಿದ್ದು ಒಳ್ಳೆಯದಾಯಿತು. ಇಡೀ ಚರ್ಚೆಯಲ್ಲಿ ನಾವು ಇವತ್ತಿನ ಸೀಮೆಯನ್ನೇ ಸೀಮೆ ಅಂತ ಹಿಡಿದಿದ್ದೇವೆ. ದೊಡ್ಡ ಪ್ರಾಣಿಗಳ ವಿಷಯದಲ್ಲಿ ಅದು ಮೋಸ ಮಾಡುತ್ತದೆ.

ಏಷ್ಯಾದ ಆನೆ ಒಂದು ಕಾಲಕ್ಕೆ ಟೈಗ್ರಿಸ್ ಯೂಫ್ರೆಟಿಸ್ ದಂಡೆಯಿಂದ ಚೀನಾದವರೆಗೆ 90 ಲಕ್ಷ ಚದರ ಕಿ.ಮೀ. ಹರಡಿತ್ತು. ಈಗ ತುಂಡು ತುಂಡಾಗಿ ಐದು ಲಕ್ಷದಷ್ಟು. ಹುಲಿ ಕ್ಯಾಸ್ಪಿಯನ್ ಸಮುದ್ರದ ದಂಡೆಯಲ್ಲೂ ಇತ್ತು, ಹಳೆಯ ಸೀಮೆಯಲ್ಲಿ ಶೇಕಡಾ 90ಕ್ಕೂ ಹೆಚ್ಚು ಪಾಲು ಹೋಗಿದೆ. ಜಾವಾ ಘೇಂಡಾಮೃಗ ಈಶಾನ್ಯ ಭಾರತದಿಂದ ಆಗ್ನೇಯ ಏಷ್ಯಾದುದ್ದಕ್ಕೂ ಇದ್ದದ್ದು, ಈಗ ಜಾವಾ ದ್ವೀಪದ ಉಜುಂಗ್ ಕುಲೋನ್ ಎಂಬ ಒಂದೇ ಉದ್ಯಾನದಲ್ಲಿ ಉಳಿದಿದೆ. ಒಂದೂವರೆ ಟನ್‌ಗಿಂತ ಭಾರದ ಪ್ರಾಣಿ. ಇವತ್ತಿನ ಅಂಕಿ ಹಾಕಿದರೆ ಅದರ ಚುಕ್ಕೆ ಬರಿದಾಗಿರಬೇಕಾದ ಮೂಲೆಯಲ್ಲೇ ಬಂದು ಬೀಳುತ್ತದೆ. ಚೀತಾ ಕಥೆ ಗೊತ್ತಿರುವುದೇ. 1947ರಲ್ಲಿ ಈಗಿನ ಛತ್ತೀಸ್‌ಗಢದಲ್ಲಿರುವ ಕೊರಿಯಾ ಸಂಸ್ಥಾನದಲ್ಲಿ ಕೊನೆಯ ಮೂರನ್ನು ಹೊಡೆದರು, 1952ರಲ್ಲಿ ಅಳಿದಿದೆ ಎಂದು ಘೋಷಿಸಿದರು, 2022ರಲ್ಲಿ ಆಫ್ರಿಕಾದಿಂದ ಮಧ್ಯಪ್ರದೇಶದ ಕುನೋಗೆ ತಂದರು.

ಇಲ್ಲಿನದ್ದೇ ಒಂದು ಉದಾಹರಣೆ ಬೇಕಾದರೆ ರಾಬರ್ಟ್ ಬ್ರೂಸ್ ಫೂಟ್ ಹೆಸರು ಹೇಳಿ. ಬಳ್ಳಾರಿ ಸೀಮೆಯ ಕಲ್ಲು ಮಣ್ಣು, ಬೂದಿಗುಡ್ಡ ಎಲ್ಲಾ ಸುತ್ತಿ ಬರೆದ ಭೂವಿಜ್ಞಾನಿ. 1880ರ ದಶಕದಲ್ಲಿ ಕರ್ನೂಲಿನ ಬಿಲ್ಲಸುರ್ಗಂ ಗುಹೆಗಳನ್ನು ಅವರೂ ಅವರ ಮಗನೂ ಅಗೆಸಿದರು. ಸಿಕ್ಕ ಎಲುಬುಗಳಲ್ಲಿ ಘೇಂಡಾಮೃಗದ್ದೂ ಇತ್ತು. ಕರ್ನೂಲು ರಾಯಚೂರಿನಿಂದ ದೂರವೇನಲ್ಲ. ಘೇಂಡಾಮೃಗ ನೋಡಲು ಇವತ್ತು ನಾವು ಅಸ್ಸಾಂಗೆ ಹೋಗುತ್ತೇವೆ.

ಸಣ್ಣ ಪ್ರಾಣಿಗೂ ಕಷ್ಟ ಬಂದಿಲ್ಲವೆಂದಲ್ಲ. ಆದರೆ ಹೊಲ, ಗಣಿ, ರಸ್ತೆ, ಬಂದೂಕು ಯಾವುದು ಬಂದರೂ ಮೊದಲ ಪೆಟ್ಟು ಬಿದ್ದದ್ದು ದೊಡ್ಡ ದೇಹಕ್ಕೆ. ನಿಧಾನ ಹೆರುವ, ಜಾಸ್ತಿ ನೆಲ ಬೇಡುವ ಪ್ರಾಣಿ ಬೇಗ ಸೋಲುತ್ತದೆ. ಸಂಡೂರು ಗುಡ್ಡಗಳನ್ನು ಅಗೆದಾಗ ಕರಡಿಗೆ ಆದದ್ದು, ಚಿಟ್ಟಿಲಿಗೆ ಆದದ್ದು ಒಂದೇ ಅಲ್ಲ. ಆದ್ದರಿಂದ ಇಂದಿನ ನಕ್ಷೆ ಇಟ್ಟುಕೊಂಡು "ದೇಹಕ್ಕೂ ಸೀಮೆಗೂ ಅಂಥ ನಂಟೇನಿಲ್ಲ" ಅನ್ನುವವರನ್ನು ನಾನು ಒಪ್ಪುವುದಿಲ್ಲ. ನಂಟನ್ನು ಕತ್ತರಿಸಿದವರೇ ನಾವು. ಹಳೆಯ ಸೀಮೆ ಹಾಕಿ ನೋಡಿದರೆ ದೊಡ್ಡ ಪ್ರಾಣಿಗಳ ಚುಕ್ಕೆಗಳು ಮೇಲೇರುತ್ತವೆ.

ಸಂಡೂರಿನವ

ಎಲ್ಲರಿಗೂ ಧನ್ಯವಾದ. ಭಾಷಣ ಬಿಟ್ಟು ಮಕ್ಕಳ ಕೈಯಲ್ಲೇ ಗ್ರಾಫ್ ಹಾಕಿಸೋಣ ಅಂತಿದ್ದೇನೆ. ಚಿಟ್ಟಿಲಿ, ಸುಂಡಿಲಿ, ಕೋಲಾರದ ಬಾವಲಿ, ನೀರುನಾಯಿ, ಚಿಂಕಾರ, ಕೊಂಡುಕುರಿ, ಚಿಗರಿ, ತೋಳ, ಕತ್ತೆಕಿರುಬ, ಚಿರತೆ, ಕರಡಿ, ಹುಲಿ, ಆನೆ. ದೊಡ್ಡವಕ್ಕೆ ಹಿಂದಿನ ಸೀಮೆಗೊಂದು, ಈಗಿನದಕ್ಕೊಂದು ಹೀಗೆ ಎರಡು ಚುಕ್ಕೆ. ನಡುವೆ ಬಾಣದ ಗುರುತು.

ಒಂದು ತೊಡಕು. ಎರಡು ಗ್ರಾಂ ಸುಂಡಿಲಿ, ಮೂರು ನಾಲ್ಕು ಟನ್ ಆನೆ ಎರಡನ್ನೂ ಒಂದೇ ಗ್ರಾಫ್ ಹಾಳೆಯಲ್ಲಿ ಹೇಗೆ ಕೂರಿಸುವುದು?

ರಾಯಚೂರು ಲೆಕ್ಕ

ಸಮ ಅಂತರದ ಗೆರೆ ಬೇಡ. ಪ್ರತಿ ಮನೆಗೂ ಹತ್ತು ಪಟ್ಟು ಏರಿಸಿ. ಒಂದು ಗ್ರಾಂ, 10, 100, ಒಂದು ಕಿಲೋ, ಹೀಗೆ ಹತ್ತು ಟನ್‌ವರೆಗೆ ಏಳು ಮನೆ ಸಾಕು. ಸೀಮೆಗೂ ಹಾಗೇ, ಒಂದು ಚದರ ಕಿ.ಮೀ.ಯಿಂದ 10 ಕೋಟಿವರೆಗೆ ಎಂಟು ಮನೆ. ಲಾಗ್ ಅಂತ ಹೆಸರು ಹೇಳಿ ಹೆದರಿಸಬೇಡಿ, ಹತ್ತು ಪಟ್ಟು ಅಂದರೆ ಮಕ್ಕಳಿಗೆ ಅರ್ಥವಾಗುತ್ತದೆ.

ಇನ್ನೆರಡು ಮಾತು. ನಿಮ್ಮ ಪಟ್ಟಿಯಲ್ಲಿ ಮಾಂಸಾಹಾರಿಗಳೇ ಜಾಸ್ತಿ. ಮೊಲ, ಮುಳ್ಳುಹಂದಿ, ಕಡವೆ ಸೇರಿಸಿ, ಇಲ್ಲದಿದ್ದರೆ ಕಾಣುವುದು ತೂಕದ ಪರಿಣಾಮವಾ ಊಟದ್ದಾ ಗೊತ್ತಾಗುವುದಿಲ್ಲ. ಹಾರುವವಕ್ಕೆ ಬೇರೆ ಬಣ್ಣ ಕೊಡಿ. ಚಳಿದೇಶದ ಪ್ರಾಣಿ ಹಾಕಿದರೆ ಅದಕ್ಕೂ ಒಂದು ಗುರುತು ಇರಲಿ. ಉತ್ತರಕ್ಕೆ ಹೋದಂತೆ ಸೀಮೆ ಹಿಗ್ಗುವುದುಂಟು. ಅರ್ಜೆಂಟೀನಾದ ವಿಜ್ಞಾನಿ ರಾಪೊಪೋರ್ಟ್ ಹೆಸರಲ್ಲಿ ಒಂದು ನಿಯಮವೇ ಇದೆ. ನಿಮ್ಮ ಕೆಂಪು ನರಿಯ ದೊಡ್ಡ ಸೀಮೆಗೆ ಅದೂ ಒಂದು ಕಾರಣ. ಅಲ್ಲಿನ ಪ್ರಾಣಿ ಬೇಸಿಗೆ, ಹಿಮ ಎರಡನ್ನೂ ತಡೆದುಕೊಳ್ಳಲೇಬೇಕು, ತಡೆದುಕೊಂಡದ್ದು ಎಲ್ಲಿ ಬೇಕಾದರೂ ಹೋಗುತ್ತದೆ.

ಎರೆಹೊಲ ಯಲಬುರ್ಗಾ

ಚಿಗರಿಗೆ ಟೆಕ್ಸಾಸ್ ಚುಕ್ಕೆ ಹಾಕುತ್ತೀರಾ ಇಲ್ವಾ?

ಸಂಡೂರಿನವ

ಹಾಕುತ್ತೇವೆ ಕಾಕಾ, ಆದರೆ ಪೆನ್ಸಿಲ್‌ನಲ್ಲಿ. ಲೆಕ್ಕಕ್ಕೆ ಸೇರಿಸುವುದಿಲ್ಲ.